ಕಲ್ಯಾಣದ ಮದುಮಗಳ ಹೆಸರೇನು?

ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಗೆ ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹರಳಯ್ಯ ಯಾರೆಂದರೆ, ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟ ಶರಣ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಹೆಸರೂ ಜನರಿಗೆ ಗೊತ್ತು. ಅವನ ಮಗಳನ್ನು ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟು ಮದುವೆ ಮಾಡಿದ್ದು, ಅದನ್ನು ಸಹಿಸದ ಬಿಜ್ಜಳ ಅರಸ ಇಬ್ಬರು ಬೀಗರನ್ನೂ ಎಳೆಹೂಟೆ ಶಿಕ್ಷೆಗೆ ಗುರಿಮಾಡಿದ್ದು, ಕಡೆಗೆ ಕಲ್ಯಾಣವೇ ಹೊತ್ತಿ ಉರಿದದ್ದು, ಇವೆಲ್ಲ ಈ ಊರಿನ ಬಾಯಿಪಾಠ.

ಆದರೆ ಮದುಮಗಳ ಹೆಸರೇನು? ಒಂದು ಪಾಠದಲ್ಲಿ ಲಾವಣ್ಯ, ಇನ್ನೊಂದರಲ್ಲಿ ಕಲಾವತಿ. ಯಾವ ಮದುವೆಗಾಗಿ ಒಂದು ರಾಜಧಾನಿ ಉರಿಯಿತೆಂದು ಹೇಳುತ್ತೇವೋ, ಆ ಮದುವೆಯ ಹುಡುಗಿಗೆ ಒಂದು ಖಚಿತವಾದ ಹೆಸರಿಲ್ಲ!

ಕಥೆಯೊಂದು ಕಾಲದಿಂದ ಕಾಲಕ್ಕೆ, ಭಾಷೆಯಿಂದ ಭಾಷೆಗೆ ದಾಟುವಾಗ ಏನನ್ನು ಬಿಟ್ಟುಹೋಗುತ್ತದೆ, ಏನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ? ಈ ಪ್ರಶ್ನೆ ಪುರಾಣಕ್ಕಷ್ಟೇ ಸೇರಿದ್ದಲ್ಲ. ನಮ್ಮ ಕಾಲದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ, ಸೊಲ್ಲಾಪುರ ಜಿಲ್ಲೆಯಲ್ಲಿ ಹುಟ್ಟಿದ ಒಂದು ಹದಿಹರೆಯದ ಪ್ರೇಮಕಥೆ: ಮರಾಠಿಯ ‘ಸೈರಾಟ್’.

ಹೆದ್ದಾರಿಯ ನಡುವಿನ ಊರು

ಕರಮಾಳಾ ತಾಲ್ಲೂಕಿನವರೇ ಆದ ನಾಗರಾಜ ಮಂಜುಳೆ ನಿರ್ದೇಶಿಸಿದ ‘ಸೈರಾಟ್’ ತೆರೆಕಂಡದ್ದು 2016ರ ಏಪ್ರಿಲ್ 29ರಂದು. ಪಾಟೀಲರ ಮನೆಯ ಹುಡುಗಿ ಆರ್ಚಿ, ಮೀನು ಹಿಡಿಯುವವರ ಮಗ ಪರಶ್ಯಾ. ಇಬ್ಬರೂ ಕಾಲೇಜಿನವರು. ಊರು ಬಿಟ್ಟು ಓಡಿ ಹೈದರಾಬಾದು ಸೇರುತ್ತಾರೆ, ಗುಡಿಸಲಲ್ಲಿ ಸಂಸಾರ ಹೂಡುತ್ತಾರೆ, ಮಗುವೂ ಆಗುತ್ತದೆ. ಕೊನೆಗೆ ತವರಿನವರು ಉಡುಗೊರೆ ಹಿಡಿದು ಬಂದು ಇಬ್ಬರನ್ನೂ ಕೊಲ್ಲುತ್ತಾರೆ. ನೂರು ಕೋಟಿ ರೂಪಾಯಿ ಗಳಿಕೆ ದಾಟಿದ ಮೊದಲ ಮರಾಠಿ ಚಿತ್ರವೆಂದು ಇದು ಹೆಸರಾಯಿತು.

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದೇ ಹೋಗುತ್ತದೆ. ಎಂದರೆ, ಈ ಕಥೆ ಆರಂಭವಾಗುವ ಸೀಮೆಗೂ ಅದು ಮುಗಿಯುವ ಊರಿಗೂ ನಡುವೆ ನಮ್ಮ ಬೀದರ್ ಜಿಲ್ಲೆ ಇದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗದಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಓಡಾಡುತ್ತವೆ. ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು 19ನೇ ಶತಮಾನದಲ್ಲಿ ಮರಾಠಿ, ಕನ್ನಡ, ಹಿಂದೂಸ್ತಾನಿ ಎಂಬ ಭೇದವಿಲ್ಲದೆ ಪದ ಕಟ್ಟಿದ್ದು ಇಲ್ಲಿಯವರಿಗೆ ಅಚ್ಚರಿಯ ಮಾತಲ್ಲ.

ಹೀಗಾಗಿ ಬಸವಕಲ್ಯಾಣದಲ್ಲಿ ಮರಾಠಿ ಬಲ್ಲವರಿಗೆ ‘ಸೈರಾಟ್’ ನೋಡಲು ಯಾವ ಅನುವಾದವೂ ಬೇಡ. ಬೆಂಗಳೂರಿನ ಪ್ರೇಕ್ಷಕನಿಗೆ ಬೇಕು. ಬರ್ಲಿನ್ನಿನ ಪ್ರೇಕ್ಷಕನಿಗೆ ಬೇಕೇಬೇಕು. 2016ರ ಫೆಬ್ರುವರಿಯಲ್ಲಿ ಚಿತ್ರ ಮೊದಲು ಪ್ರದರ್ಶನವಾದದ್ದು ಬರ್ಲಿನ್ ಚಿತ್ರೋತ್ಸವದಲ್ಲೇ.

ಎರಡು ಸಾಲಿನ ಇಕ್ಕಟ್ಟು

ಸಬ್‌ಟೈಟಲ್ ಎಂದು ನಾವು ಕರೆಯುವ ಅಡಿಬರಹದ ಕಷ್ಟ ನೋಡುವವರಿಗೆ ಕಾಣದು. ಸಾಮಾನ್ಯವಾಗಿ ಎರಡೇ ಸಾಲು, ಸಾಲಿಗೆ 40ರ ಆಸುಪಾಸು ಅಕ್ಷರ, ಓದಲು ಕೆಲವೇ ಸೆಕೆಂಡು. ಅಷ್ಟರಲ್ಲಿ ಮಾತಿನ ಅರ್ಥ ದಾಟಿಸಬಹುದು. ಮಾತಾಡುವವರ ನಡುವಿನ ಸಂಬಂಧ ದಾಟಿಸುವುದು ಕಷ್ಟ.

ನಮ್ಮ ಕಡೆ ‘ಬಾ’ ಎನ್ನುವುದಕ್ಕೂ ‘ಬರ್ರಿ’ ಎನ್ನುವುದಕ್ಕೂ ಎಷ್ಟು ಅಂತರ! ಮರಾಠಿಯಲ್ಲೂ ಹಾಗೆಯೇ. ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ ಎಂಬುದರಲ್ಲೇ ಊರಿನ ಅರ್ಧ ಜಾತಿ ವ್ಯವಸ್ಥೆ ತಿಳಿದುಬಿಡುತ್ತದೆ. ಇಂಗ್ಲಿಷಿನ ‘ಯು’ ಎಲ್ಲರಿಗೂ ಒಂದೇ. ಅಡ್ಡಹೆಸರಿನ ವಿಷಯವೂ ಅಷ್ಟೇ. ಪಾಟೀಲ ಎಂದ ಕೂಡಲೇ ನಮಗೆ ವಾಡೆ, ಹೊಲ, ಪಂಚಾಯಿತಿಯ ಕಟ್ಟೆ ಎಲ್ಲವೂ ಕಣ್ಣಮುಂದೆ ಬರುತ್ತವೆ. ಅಡಿಬರಹದಲ್ಲಿ ಅದು ಬರೀ ಒಂದು ಹೆಸರು. ಆರ್ಚಿಯ ಅಣ್ಣ ತರಗತಿಯಲ್ಲೇ ದಲಿತ ಅಧ್ಯಾಪಕರ ಕೆನ್ನೆಗೆ ಹೊಡೆಯುವ ದೃಶ್ಯವಿದೆ. ಊರಿನ ಲೆಕ್ಕಾಚಾರ ತಿಳಿಯದವನಿಗೆ ಅದು ಪುಂಡ ಹುಡುಗನ ಉದ್ಧಟತನ. ತಿಳಿದವನಿಗೆ ಚಿತ್ರದ ಕೊನೆಯ ಮುನ್ಸೂಚನೆ.

ಇದು ನಮ್ಮೊಬ್ಬರ ಪಾಡಲ್ಲ. ಥಾಯ್ಲೆಂಡಿನ ಹದಿಹರೆಯದ ಧಾರಾವಾಹಿಗಳನ್ನು ಈಗ ನಮ್ಮ ಹುಡುಗರೂ ಮೊಬೈಲಿನಲ್ಲಿ ನೋಡುತ್ತಾರೆ. ಅಲ್ಲಿ ಹಿರಿಯರನ್ನು ‘ಪೀ’, ಕಿರಿಯರನ್ನು ‘ನೋಂಗ್’ ಎಂದು ಕರೆಯುವುದು ವಾಡಿಕೆ, ನಮ್ಮ ಅಣ್ಣ, ಅಕ್ಕ, ತಮ್ಮ, ತಂಗಿಯ ಹಾಗೆ. ಇಂಗ್ಲಿಷ್ ಅಡಿಬರಹ ಹಲವು ಸಲ ಅದನ್ನು ನುಂಗಿ ಹೆಸರನ್ನಷ್ಟೇ ಉಳಿಸುತ್ತದೆ. 2021ರಲ್ಲಿ ಆರಂಭವಾದ ‘ಎಫ್4 ಥಾಯ್ಲೆಂಡ್’ ಸ್ವತಃ ಮರುನಿರ್ಮಾಣ. 1992ರಲ್ಲಿ ಜಪಾನಿನಲ್ಲಿ ಚಿತ್ರಕಥಾ ಪುಸ್ತಕವಾಗಿ ಶುರುವಾದ ಆ ಕಥೆ ತೈವಾನ್, ಜಪಾನ್, ಕೊರಿಯಾ, ಚೀನಾಗಳ ಕಿರುತೆರೆ ಸುತ್ತಿ ಬ್ಯಾಂಕಾಕ್ ತಲುಪಿತು. ಸಿರಿವಂತ ಹುಡುಗ, ಬಡ ಹುಡುಗಿ ಎಂಬ ತಿರುಳು ಎಲ್ಲ ದೇಶದಲ್ಲೂ ಹೊಂದಿಕೊಂಡಿತು. ಬಡತನ ಎಲ್ಲ ಭಾಷೆಗೂ ಅರ್ಥವಾಗುತ್ತದೆ. ಆದರೆ ಜಾತಿ?

ಕಾರಣವೇ ಕಳೆದರೆ

ಕನ್ನಡದಲ್ಲಿ ಮರುನಿರ್ಮಾಣಕ್ಕೆ ಒಂದು ವಿಶೇಷ ಹಿನ್ನೆಲೆಯಿದೆ. 1960ರ ದಶಕದಿಂದ ಇಲ್ಲಿನ ಚಿತ್ರೋದ್ಯಮ ಡಬ್ಬಿಂಗನ್ನು ದೂರವಿಟ್ಟಿತ್ತು. ಪರಭಾಷೆಯ ಕಥೆ ಕನ್ನಡ ಮಾತಾಡಬೇಕಾದರೆ ಅದನ್ನು ಹೊಸದಾಗಿಯೇ ಚಿತ್ರಿಸಬೇಕಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಈ ಅಘೋಷಿತ ನಿಷೇಧದ ವಿರುದ್ಧ ತೀರ್ಪಿತ್ತ ಮೇಲೆ, 2017ರಲ್ಲಿ ಡಬ್ ಆದ ಚಿತ್ರಗಳು ಮತ್ತೆ ಬರತೊಡಗಿದವು. ಅದೇ ವರ್ಷ ಎಸ್. ನಾರಾಯಣ್ ನಿರ್ದೇಶನದಲ್ಲಿ ‘ಸೈರಾಟ್’ ಕನ್ನಡದ ‘ಮನಸು ಮಲ್ಲಿಗೆ’ಯಾಯಿತು. ಮೂಲದ ನಾಯಕಿ ರಿಂಕು ರಾಜಗುರು ಅವರೇ ಇಲ್ಲೂ ನಾಯಕಿ. ಅಜಯ್-ಅತುಲ್ ಅವರದೇ ಸಂಗೀತ. ಆದರೂ ಮೂಲಕ್ಕೆ ಸಿಕ್ಕ ಓಟ ಅದಕ್ಕೆ ಸಿಗಲಿಲ್ಲ. ಮುಖ, ರಾಗ ಎರಡನ್ನೂ ತರಬಹುದು. ಕರಮಾಳೆಯ ಬಾವಿ, ಕಬ್ಬಿನ ಗದ್ದೆ, ಆ ಒರಟು ಆಡುಮಾತು ಇವನ್ನು ತರುವುದು ಹೇಗೆ? ಹೆಸರನ್ನೇ ನೋಡಿ: ಸೈರಾಟ್ ಎಂದರೆ ಲಂಗುಲಗಾಮಿಲ್ಲದ್ದು ಎಂದು ಅರ್ಥ. ಮಲ್ಲಿಗೆಯ ಮನಸ್ಸಿಗೂ ಅದಕ್ಕೂ ಬಹಳ ದೂರ.

ಪಂಜಾಬಿ, ಒಡಿಯಾ, ಬಂಗಾಳಿ ರೂಪಗಳೂ ಬಂದವು. ಹೆಚ್ಚು ಚರ್ಚೆಯಾದದ್ದು 2018ರ ಹಿಂದಿ ‘ಧಡಕ್’. ಕಥೆ ಉದಯಪುರಕ್ಕೆ ಸ್ಥಳಾಂತರವಾಯಿತು, ಓಡಿಹೋದವರು ಕೋಲ್ಕತ್ತ ಸೇರಿದರು. ಹುಡುಗನ ಜಾತಿ ಒಂದೆರಡು ಮಾತಿನಲ್ಲಿ ಸುಳಿದು ಹೋಗುತ್ತದೆ. ಕಥೆಯನ್ನು ನೂಕುವುದು ತಂದೆಯ ರಾಜಕೀಯ ಪ್ರತಿಷ್ಠೆ. ಕೊನೆಯೂ ಬದಲಾಯಿತು. ಮೂಲದಲ್ಲಿ ಗಂಡ ಹೆಂಡತಿ ಇಬ್ಬರೂ ಸತ್ತು ಮಗು ರಕ್ತದ ಹೆಜ್ಜೆ ಊರುತ್ತ ಹೊರಗೆ ನಡೆದರೆ, ಹಿಂದಿಯಲ್ಲಿ ಗಂಡ ಮತ್ತು ಮಗು ಸತ್ತು ಹುಡುಗಿ ಉಳಿಯುತ್ತಾಳೆ. ಕೊಲೆ ಉಳಿಯಿತು, ಕೊಲೆಯ ಕಾರಣ ಮಸುಕಾಯಿತು ಎಂದು ವಿಮರ್ಶಕರು ಆಕ್ಷೇಪಿಸಿದ್ದು ಸುಳ್ಳಲ್ಲ. 2025ರ ‘ಧಡಕ್ 2’ ತಮಿಳಿನ ‘ಪರಿಯೇರುಂ ಪೆರುಮಾಳ್’ ಚಿತ್ರವನ್ನು ಆಧರಿಸಿ ಜಾತಿಯನ್ನು ನೇರವಾಗಿಯೇ ಎತ್ತಿಕೊಳ್ಳಬೇಕಾಯಿತು.

ಎಂಟು ನೂರು ವರ್ಷಗಳ ಮರುನಿರ್ಮಾಣ

ಹಾಗಾದರೆ ಮೂಲವೇ ಶ್ರೇಷ್ಠ, ಬದಲಾದದ್ದೆಲ್ಲ ಕಲಬೆರಕೆ ಎನ್ನೋಣವೇ? ಅವಸರ ಬೇಡ. ಕಲ್ಯಾಣದ ಮದುವೆಯ ಕಥೆ ಬೇರೆಯೇ ಪಾಠ ಹೇಳುತ್ತದೆ.

ಬಿಜ್ಜಳನ ಕಾಲದ ಶಾಸನಗಳಲ್ಲಿ ಈ ಮದುವೆಯ ಉಲ್ಲೇಖ ಸಿಕ್ಕಿಲ್ಲ. 13ನೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣದಲ್ಲಿ ಅಲ್ಲಯ್ಯ, ಮಧುವಯ್ಯ ಎಂಬ ಇಬ್ಬರು ಶರಣರ ಕಣ್ಣು ಕೀಳಿಸಿದ ಬಿಜ್ಜಳನನ್ನು ಜಗದೇವ ಕೊಲ್ಲುತ್ತಾನೆ. ಮಕ್ಕಳ ಮದುವೆಯ ಮಾತು ಅಲ್ಲಿಲ್ಲ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ತೆಲುಗಿನ ಎರಡು ಸಾಲಿನ ದ್ವಿಪದಿ ಕನ್ನಡದ ಆರು ಸಾಲಿನ ಷಟ್ಪದಿಯಾಯಿತು. ಮದುವೆಯ ಕಥೆ ಮೈತುಂಬಿಕೊಂಡದ್ದು ಅದಕ್ಕೂ ಈಚಿನ ಪುರಾಣಗಳಲ್ಲಿ. ಮದುವೆ ನಡೆಯಲೇ ಇಲ್ಲ ಎಂದು ಇದರರ್ಥವಲ್ಲ. ಶರಣರಿಗೆ ಶಿಕ್ಷೆ ಏಕಾಯಿತು ಎಂಬ ಪ್ರಶ್ನೆಗೆ, ಪುನಃ ಪುನಃ ಹೇಳುತ್ತ ಹೋದಂತೆ, ಜಾತಿ ಎಂಬ ಉತ್ತರ ಸ್ಪಷ್ಟವಾಗುತ್ತ ಬಂತು ಎಂದರ್ಥ. ‘ಧಡಕ್’ ಕಾರಣವನ್ನು ಮಸುಕು ಮಾಡಿದರೆ, ಇಲ್ಲಿನ ಮರುಕಥನ ಕಾರಣವನ್ನು ಬೆಳಕಿಗೆ ಹಿಡಿಯಿತು.

ಆಧುನಿಕ ನಾಟಕಕಾರರು ಇನ್ನೂ ಮುಂದೆ ಹೋದರು. ಲಂಕೇಶರ ‘ಸಂಕ್ರಾಂತಿ’ಯಲ್ಲಿ ಹಿರಿಯರು ಕೂಡಿಸಿದ ಸಂಬಂಧದ ಜಾಗದಲ್ಲಿ ರುದ್ರ, ಉಷಾ ಎಂಬ ಇಬ್ಬರು ಯುವಜನರ ಪ್ರೇಮವೇ ಬಂದು ಕೂತಿತು. ಮಂದಿರ, ಮಂಡಲ ವಿವಾದಗಳು ಕಾವೇರುತ್ತಿದ್ದ ದಿನಗಳಲ್ಲಿ ಗಿರೀಶ ಕಾರ್ನಾಡರು ಬರೆದ ‘ತಲೆದಂಡ’ದಲ್ಲಿ ಹುಡುಗಿ ಕಲಾವತಿ, ಮದುವೆಯ ಪರಿಣಾಮ ನೆನೆದು ಬಸವಣ್ಣನೇ ಅಳುಕುತ್ತಾನೆ. ಈ ನಾಟಕ ಹಿಂದಿಗೆ ಹೋದಾಗ ‘ರಕ್ತ ಕಲ್ಯಾಣ್’ ಎಂಬ ಹೆಸರು ಪಡೆಯಿತು. 1992ರಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ದೆಹಲಿಯಲ್ಲಿ ರಂಗಕ್ಕೆ ತಂದರು. ಹಿಂದಿಯವರ ಕಿವಿಗೆ ಕಲ್ಯಾಣ್ ಎಂದರೆ ಶ್ರೇಯಸ್ಸು, ಇಲ್ಲವೇ ಒಂದು ಊರು. ಕನ್ನಡದ ಕಿವಿಗೆ ಅದು ಮದುವೆಯೂ ಹೌದು. ರಕ್ತದ ಮದುವೆ! ಅನುವಾದ ಅರಿಯದೆಯೇ ಕೊಟ್ಟ ಈ ಅರ್ಥ ಮೂಲದ ಹೆಸರಿನಲ್ಲಿಲ್ಲ.

ಆದ್ದರಿಂದ ಮರುನಿರ್ಮಾಣವನ್ನು ಅಳೆಯಬೇಕಾದದ್ದು ಮೂಲಕ್ಕೆ ಎಷ್ಟು ಹತ್ತಿರವಿದೆ ಎಂಬುದರಿಂದಲ್ಲ. ಆ ಹುಡುಗ ಹುಡುಗಿ ಏಕೆ ಸತ್ತರು ಎಂದು ನೋಡಿದವನಿಗೆ ತಿಳಿಯಿತೇ, ಇಲ್ಲವೇ ಎಂಬುದರಿಂದ. ಇದು ಬರಿಯ ಕಲೆಯ ಪ್ರಶ್ನೆಯೂ ಅಲ್ಲ. ಮರ್ಯಾದೆಯ ಹೆಸರಿನ ಹತ್ಯೆ ತಡೆಯಲು 2018ರಲ್ಲಿ ಸುಪ್ರೀಂ ಕೋರ್ಟೇ ಪೊಲೀಸರಿಗೆ, ಸರ್ಕಾರಗಳಿಗೆ ಸೂಚನೆ ಕೊಡಬೇಕಾಯಿತು. ಕಾರಣವನ್ನು ಹೆಸರಿಸಲು ಹಿಂಜರಿಯುವ ಕಥೆ ಆ ಸೂಚನೆಗೆ ನೆರವಾಗಲಾರದು.

ಬಸವಕಲ್ಯಾಣದ ಕಥೆಯಲ್ಲಿ ಕಾರಣ ಉಳಿದಿದೆ, ತಂದೆಯರ ಹೆಸರು ಉಳಿದಿದೆ. ಆ ಹುಡುಗಿಗೆ ಮಾತ್ರ ಹೇಳುವವರು ಕೊಟ್ಟದ್ದೇ ಹೆಸರು, ಹೇಳಿಸಿದ್ದೇ ಮಾತು. ಬುಲೆಟ್ ಓಡಿಸಿಕೊಂಡು, ಟ್ರ್ಯಾಕ್ಟರ್ ನಡೆಸಿಕೊಂಡು, ತನ್ನ ಮಾತನ್ನು ತಾನೇ ಆಡಿದ ಆರ್ಚಿಯನ್ನು ನೋಡಿದ ಮೇಲೆ, ಕಲ್ಯಾಣದ ಮದುಮಗಳು ಏನು ಹೇಳಿರಬಹುದು ಎಂದು ಕೇಳುವ ಹೊಸ ನಾಟಕವೊಂದು ಬರಬಾರದೇಕೆ?