ಬಾಯಿ ಊದು ಅಂದಾಗ

ಕೂಡ್ಲಿಗಿ ಹೆದ್ದಾರಿಯಲ್ಲಾಗಲಿ, ಕೊಟ್ಟೂರು ತೇರು ಮುಗಿದ ರಾತ್ರಿಯಾಗಲಿ, ಮೈಲಾರದ ಕಾರಣಿಕ ಕೇಳಿ ಬರುವ ಹಡಗಲಿ ದಾರಿಯಲ್ಲಾಗಲಿ, ಲಾಠಿ ಅಡ್ಡ ಬಂದರೆ ಮೊದಲ ಮಾತು 'ಯಾವೂರಲೇ, ಯಾರ ಪೈಕಿ?' ಆಮೇಲೆ 'ಬಾಯಿ ಊದಲೇ'. ಈ ಎರಡು ಮಾತಿಗೂ ಚರಿತ್ರೆ ಇದೆ, ಗೆಳೆಯರೆ.

ನಮ್ಮ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕೈಯಲ್ಲಿತ್ತು. ಬಿಳಿ ದೊರೆಗಳು 1871ರಲ್ಲಿ ಉತ್ತರದಲ್ಲಿ ಹುಟ್ಟಿಸಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಮದ್ರಾಸಿಗೂ ಹಬ್ಬಿಸಿದರು. ಕೊರಚರಂಥ ಕುಲದಲ್ಲಿ ಹುಟ್ಟಿದ್ದೇ ಗುನ್ನೆ. ಠಾಣೆಗೆ ಹಾಜರಿ, ಊರು ಬಿಡಲು ಚೀಟಿ. ಆ ಕಾಯ್ದೆ ಸತ್ತದ್ದು 1952ರ ಆಗಸ್ಟ್ 31ಕ್ಕೆ. ಅಷ್ಟರಲ್ಲಿ ಪಾನನಿಷೇಧ ಬಂದಿತ್ತು. ರಾಜಾಜಿ 1937ರಲ್ಲಿ ಸೇಲಂನಲ್ಲಿ ಶುರು ಮಾಡಿದ್ದು 1948ರ ಹೊತ್ತಿಗೆ ಪ್ರಾಂತಕ್ಕೆಲ್ಲ ಹರಡಿತು. ಪರ್ಮಿಟ್ಟು ಇದ್ದ ಸಾಹೇಬ ಕುಡಿಯಬಹುದು. ಈಚಲು ಹೆಂಡ ಕುಡಿದ ಕೂಲಿಯವನ ಬಾಯಿ ಮೂಸಲು ಮಾತ್ರ ಒಂದು ಮೂಗು ಸಾಕಿತ್ತು.

ಮೋಟಾರು ಬಂದರೂ ಮೂಗೇ ನ್ಯಾಯಾಧೀಶ. 1939ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಮೊದಲ ರೂಪದಲ್ಲಿ ಅಳತೆಯೇ ಇರಲಿಲ್ಲ. ಗಾಡಿ ಹಿಡಿತದಲ್ಲಿಡಲಾರದಷ್ಟು ಕುಡಿದಿದ್ದರೆ ತಪ್ಪು, ಅಷ್ಟೇ. ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಾಯಿ ವಾಸನೆ, ತೂರಾಡುವ ನಡಿಗೆ ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು, ರಕ್ತ ಮೂತ್ರದ ಪರೀಕ್ಷೆಯೇ ಆಗಿಲ್ಲವಲ್ಲ ಎಂದಿತು. ಇದು 1971ರ ಕಾನೂನು ವರದಿಗಳಲ್ಲಿದೆ. ಮೂಗಿನ ಅಧಿಕಾರಕ್ಕೆ ಬಿದ್ದ ದೊಡ್ಡ ಪೆಟ್ಟು ಅದು. ಈಗಿನ ಅಳತೆ, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, 1988ರ ಕಾಯ್ದೆಯ 185ನೇ ಕಲಮಿಗೆ 1994ರ ತಿದ್ದುಪಡಿಯಲ್ಲಿ ಸೇರಿತು.

ಕುಡಿದು ಸ್ಟೇರಿಂಗ್ ಹಿಡಿದವನ ಪರ ನಾನಲ್ಲ. ಟ್ರ್ಯಾಕ್ಟರಿನ ಹಿಂದೆ ಕೂತು ಕೂಲಿಗೆ ಹೋಗುವವರು ನಮ್ಮ ಅವ್ವಂದಿರೇ. ಆದರೆ 2007ರ ಜುಲೈ 1ಕ್ಕೆ ಸಾರಾಯಿ ನಿಲ್ಲಿಸಿಯೂ ವಿಸ್ಕಿ ಬಾಟಲಿಯ ತೆರಿಗೆ ಬಿಡದ ಸರಕಾರ ನಮಗೆ ನೀತಿ ಹೇಳುವುದು ಬೇಡ. ಕಾಯ್ದೆ ಪಾಲಿಸಲಿ, ಸಾಕು.

ಕಾಯ್ದೆ ಏನನ್ನುತ್ತದೆ? ಊದಿಸುವ ಪೊಲೀಸರು ಸಮವಸ್ತ್ರದಲ್ಲಿರಬೇಕು, ಕುಡಿದಿದ್ದಾನೆಂಬ ಅನುಮಾನಕ್ಕೆ ಕಾರಣ ಇರಬೇಕು. ಆಗ ಊದಲೇಬೇಕು. ಸುಮ್ಮನೆ ಒಲ್ಲೆ ಅಂದರೆ ಹಿಡಿಯಬಹುದು, ಆ ಹಟ ಕೋರ್ಟಿನಲ್ಲಿ ನಮಗೇ ತಿರುಗುತ್ತದೆ. ಹಿಡಿದರೆ ಠಾಣೆಯಲ್ಲಿ ಇನ್ನೊಮ್ಮೆ ಊದುವ ಅವಕಾಶ ಕೊಡಬೇಕು. ಎರಡು ತಾಸಿನೊಳಗೆ ಡಾಕ್ಟರ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. ಇದನ್ನು ಬಾಯಿಪಾಠ ಮಾಡ್ರಪ್ಪ, ಗಡಿಯಾರ ನೋಡಿಕೊಳ್ರಿ. ಯಾಕೆ ಹಿಡಿದಿರಿ ಎಂದು ಕೇಳುವ ಹಕ್ಕು ಸಂವಿಧಾನದ 22ನೇ ವಿಧಿಯದು. ಅಂಬೇಡ್ಕರ್ ಮುಂದೆ ನಿಂತು ಕಟ್ಟಿದ ಪುಸ್ತಕ ಅದು. ಪೊಲೀಸರ ಎದೆಯ ಮೇಲೆ ಹೆಸರು, ಬಂಧನಕ್ಕೊಂದು ಕಾಗದ, ಮನೆಯವರಿಗೆ ಸುದ್ದಿ, ಇವು 1996ರ ಡಿ.ಕೆ. ಬಸು ತೀರ್ಪಿನಿಂದ ಬಂದವು. ಲೈಸೆನ್ಸ್ ಕಿತ್ತುಕೊಂಡರೆ ರಸೀದಿ ಕೊಡಬೇಕು.

ದುಡ್ಡಿನ ಮಾತು. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಆದರೆ 185ರ ಕೇಸು ರಸ್ತೆಯಲ್ಲಿ ಮುಗಿಯುವುದಲ್ಲ, ಕೋರ್ಟಿನಲ್ಲೇ ಮುಗಿಯಬೇಕು. 'ಇಲ್ಲೇ ಎರಡು ಸಾವಿರ ಕೊಟ್ಟು ಹೋಗು' ಅಂದರೆ ಅದು ದಂಡವಲ್ಲ, ಲಂಚ. ಹರಪನಹಳ್ಳಿಯಾಗಲಿ ಹಗರಿಬೊಮ್ಮನಹಳ್ಳಿಯಾಗಲಿ, ವಕೀಲರಿಗೆ ಕಾಸಿಲ್ಲವೆಂದು ತಪ್ಪೊಪ್ಪಿಕೊಳ್ಳುವ ಮುಂಚೆ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆಯಿರಿ. 1987ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಪೊಲೀಸ್ ವಶದಲ್ಲಿರುವವರು ಇದಕ್ಕೆ ಆದಾಯದ ಲೆಕ್ಕ ತೋರಿಸಬೇಕಾಗಿಲ್ಲ.