ಜೇಕು ಹುಲ್ಲಲ್ಲ

ಗದ್ದೆಯ ಬದುವಿನಲ್ಲೋ ಶಾಲೆಯ ಬಯಲಿನಲ್ಲೋ ಬೆಳೆದ ಜೇಕಿನ ಒಂದು ದಂಟನ್ನು ಕಿತ್ತು ಬೆರಳುಗಳ ನಡುವೆ ಉರುಳಿಸಿ ನೋಡಿ. ಮೂರು ಅಂಚುಗಳು ತಾಕುತ್ತವೆ. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗೆ, ಒಳಗೆ ಟೊಳ್ಳು, ನಡುನಡುವೆ ಗಿಣ್ಣು. ಹುಲ್ಲಿನ ಎಲೆ ಎರಡು ಸಾಲಿನಲ್ಲಿ ಬಂದರೆ ಜೇಕಿನದು ಮೂರು ಸಾಲು. ಬೆರಳಿಗೆ ಇಷ್ಟು ಸುಲಭವಾಗಿ ಸಿಗುವ ಈ ಭೇದ ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ನೆಲೆಯಾಗಲು ಬಹಳ ಕಾಲ ಹಿಡಿಯಿತು.

ಕೊನ್ನಾರಿ ಗೆಡ್ಡೆ ಎಂದೂ ನಮ್ಮವರು ಕರೆಯುವ, ಆಯುರ್ವೇದದಲ್ಲಿ ಮುಸ್ತಾ ಎನಿಸಿದ ಈ ಗಿಡಕ್ಕೆ 1753ರಲ್ಲಿ ಸ್ವೀಡನ್ನಿನ ಲಿನೇಯಸ್ 'ಸೈಪರಸ್ ರೊಟಂಡಸ್' ಎಂದು ಹೆಸರಿಟ್ಟ. ನೆಲೆ 'ಇಂಡಿಯಾ' ಎಂದು ಬರೆದ. ರೊಟಂಡಸ್ ಎಂದರೆ ದುಂಡನೆಯದು. ಮೂರು ಮೂಲೆಯ ದಂಟಿನ ಗಿಡಕ್ಕೆ ಇದೇನು ಹೆಸರು ಎನ್ನಬೇಡಿ, ಆ ಮಾತು ಗೆಡ್ಡೆಯದು.

ಲಿನೇಯಸ್‌ನ ವಿಧಾನ ಎಣಿಕೆಯದು. ಹೂವಿನಲ್ಲಿ ಕೇಸರ ಎಷ್ಟು? ಮೂರು, ಹಾಗಾದರೆ ಮೂರನೆಯ ವರ್ಗ. ಶಲಾಕೆ ಎಷ್ಟು? ಒಂದು, ಹಾಗಾದರೆ ಅದರ ಮೊದಲ ಗುಂಪು. ಎರಡು ಶಲಾಕೆಯ ಹುಲ್ಲುಗಳು ಅದೇ ವರ್ಗದ ಪಕ್ಕದ ಗುಂಪಿಗೆ ಹೋದವು. ಆದರೆ ಜೇಕಿನ ಜೊತೆ ಅದೇ ಗುಂಪಿನಲ್ಲಿ ಕುಳಿತದ್ದು ಯಾವುದು ಗೊತ್ತೆ? ಕಾಶ್ಮೀರದ ಕುಂಕುಮಕೇಸರಿ! ಇತ್ತ ಜೇಕಿನ ಸ್ವಂತ ಬಂಧು ಕೇರೆಕ್ಸ್, ಗಂಡು ಹೆಣ್ಣು ಹೂಗಳು ಬೇರೆ ಬೇರೆ ಎಂಬ ಒಂದೇ ಕಾರಣಕ್ಕೆ, 21ನೆಯ ವರ್ಗಕ್ಕೆ ಹೊರಟುಹೋಯಿತು. ಎಣಿಸುವುದು ಸುಲಭ, ನೆಂಟಸ್ತನ ಹುಡುಕುವುದು ಕಷ್ಟ. 1789ರಲ್ಲಿ ಪ್ಯಾರಿಸ್ಸಿನ ಜುಸ್ಯೂ ಗಿಡದ ಹಲವು ಲಕ್ಷಣಗಳನ್ನು ಒಟ್ಟಿಗೆ ತೂಗಿ, ಜೇಕು ಮತ್ತು ಕೇರೆಕ್ಸನ್ನು ಹುಲ್ಲಿನಿಂದ ಬೇರೆಯಾದ ಒಂದೇ ಕುಟುಂಬಕ್ಕೆ ಸೇರಿಸಿದ.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲ. ಹುಲ್ಲನ್ನು ಮಾತ್ರ ಕೊಲ್ಲುವ ಕಳೆನಾಶಕಗಳಿವೆ. ಅವನ್ನು ಸಿಂಪಡಿಸಿದರೆ ಜೇಕು ಅಲುಗುವುದಿಲ್ಲ. ಮೇಲೆ ಕೊಯ್ದರೆ ನೆಲದೊಳಗಿನ ಗೆಡ್ಡೆಗಳ ಸರಪಳಿಯಿಂದ ಮತ್ತೆ ಚಿಗುರುತ್ತದೆ. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಪ್ರಪಂಚದ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟರು.

ಬ್ರಿಟಿಷ್ ಇಂಡಿಯಾದ ಜೇಕುಗಳನ್ನು 1890ರ ದಶಕದಲ್ಲಿ ಹೂಕರನ ಗ್ರಂಥಕ್ಕಾಗಿ ವಿಂಗಡಿಸಿದವನು ಸಿ. ಬಿ. ಕ್ಲಾರ್ಕ್, ಕಲ್ಕತ್ತೆಯಲ್ಲಿ ಗಣಿತ ಕಲಿಸಿದವನು. ಗುಂಡುತಲೆಯ ಪುಟ್ಟ ಕಿಲಿಂಗವನ್ನು ಅವನು ಪ್ರತ್ಯೇಕ ಜಾತಿಯಾಗಿಯೇ ಉಳಿಸಿಕೊಂಡ. 2010ರ ನಂತರ ಡಿ.ಎನ್.ಎ. ಹೋಲಿಸಿ ನೋಡಿದವರು ಅದನ್ನು ಸೈಪರಸ್‌ನೊಳಕ್ಕೇ ತಂದಿದ್ದಾರೆ. ನಿಮ್ಮ ಕಾಲೇಜಿನ ಒಣಗಿಡದ ಹಾಳೆಗಳ ಮೇಲೆ ಹಳೆಯ ಹೆಸರೇ ಇದ್ದೀತು, ಹುಡುಕಿ ನೋಡಿ.