ಹಿತ್ತಲ ಬೆಂಡೆಯ ಬೀಜಪರಂಪರೆ

ಯಕ್ಷಗಾನ ಮೇಳಗಳು ವರ್ಷದ ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯು, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನವು, ದಕ್ಷಿಣ ಕನ್ನಡದ ಗೃಹಿಣಿಯರಿಗೆ ತರಕಾರಿಯ ಬೀಜ ಹಾಕುವ ಮುಹೂರ್ತವೂ ಆಗಿತ್ತು. ಮೇ ತಿಂಗಳ ಕಡೆಯ ವಾರದ ಸುಮಾರಿಗೆ ಬರುವ ಆ ದಿನದ ಆಸುಪಾಸಿನಲ್ಲಿ, ಒಲೆಯ ಮೇಲಣ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಗಂಟುಗಳನ್ನು ಇಳಿಸಿ, ಬೂದಿಯಲ್ಲಿ ಹೊರಳಿಸಿಟ್ಟಿದ್ದ ಬೆಂಡೆಯ ಬೀಜಗಳನ್ನು ಆರಿಸಿ, ಸಿಪ್ಪೆ ಗಡುಸಾದುದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರುದಿನ ಸುಡುಮಣ್ಣು ಹರಡಿದ ಏರಿಯ ಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ, ಗುಳಿಗೆ ಎರಡು ಮೂರರಂತೆ ಊರುತ್ತಿದ್ದರು. ಶ್ರಾವಣದ ಅಷ್ಟಮಿ, ಭಾದ್ರಪದದ ಚೌತಿಗಳ ಅಡುಗೆಗೆ ಹಾಲುಬೆಂಡೆ ಒದಗಬೇಕಾದರೆ ಈ ಕಾಲವನ್ನು ತಪ್ಪಿಸುವಂತಿರಲಿಲ್ಲ.

ಹಾಲುಬೆಂಡೆಯೆಂಬುದು ತೆಳುಹಸುರು ಮೈಯ, ಏಣುಗಳು ಹೆಚ್ಚಾಗಿರುವ, ಗೇಣುದ್ದ ಬೆಳೆದರೂ ನಾರು ಹಿಡಿಯದ ಕರಾವಳಿಯ ಕಾಯಿ. ಅದರ ಕುಲ ಕೆಡದೆ ಉಳಿದುದಕ್ಕೆ ಹೂವಿನ ಸ್ವಭಾವವೇ ಬಹುಮಟ್ಟಿಗೆ ಕಾರಣ: ಕಡುಗೆಂಪು ಗಂಟಲಿನ ಆ ಹಳದಿ ಹೂವು ಬೆಳಗ್ಗೆ ಅರಳಿ ಸಂಜೆಯೊಳಗೆ ಮುದುಡುವುದರಿಂದಲೂ, ತನ್ನ ಪರಾಗದಿಂದಲೇ ತಾನು ಫಲಿಸಬಲ್ಲುದಾದುದರಿಂದಲೂ, ತಾಯಿಯ ಗುಣ ಮಕ್ಕಳಲ್ಲಿ ಹೆಚ್ಚು ಕಲಬೆರಕೆಯಿಲ್ಲದೆ ಇಳಿಯುತ್ತದೆ. ಅರಳಿದ ಐದಾರು ದಿನಕ್ಕೆ ಕಾಯಿ ಕೊಯ್ಲಿಗೆ ಬಂದರೂ, ಸೊಂಪಾದ ಗಿಡವೊಂದರಲ್ಲಿ ಮೂರೋ ನಾಲ್ಕೋ ಕಾಯಿಗಳಿಗೆ ನೂಲು ಕಟ್ಟಿ, ಮನೆಯ ಮಕ್ಕಳೂ ಅವನ್ನು ಮುಟ್ಟದಂತೆ ಹೇಳಿ, ಏಣು ಬಿರಿದು ಒಳಗಿನ ಬೂದುಹಸುರಿನ ಗುಂಡುಬೀಜ ಕಾಣುವವರೆಗೆ ಗಿಡದಲ್ಲಿಯೇ ಒಣಗಲು ಬಿಡುತ್ತಿದ್ದರು. ಬೀಜ ತಪ್ಪಿಹೋದ ಮನೆಯವರು ನೆರೆಮನೆಗೆ ಹೋಗಿ ಕೇಳುತ್ತಿದ್ದರು. ಅದಕ್ಕೆ ಬೆಲೆ ಕಟ್ಟುವುದು ಯಾರಿಗೂ ತೋರದ ಮಾತು. ಘಟ್ಟದ ಮೇಲಣ ಮಂಡ್ಯದ ಸೀಮೆಯಲ್ಲಾದರೋ ಬೆಂಡೆಗಿಡಕ್ಕೆ ಇನ್ನೊಂದು ಉಪಯೋಗವಿತ್ತು: ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಜಜ್ಜಿದ ಗಿಡದ ಲೋಳೆಯನ್ನು ಬಿಟ್ಟರೆ, ಅದು ಕಲ್ಮಷವನ್ನೆಲ್ಲ ಸೆಳೆದು ಮೇಲಕ್ಕೆ ತೇಲಿಸುವುದು, ಆ ಮಡ್ಡಿಯನ್ನು ತೆಗೆದುಹಾಕಿದರೆ ಬೆಲ್ಲಕ್ಕೆ ಹೊಂಬಣ್ಣ ಬರುವುದು.

ಇಷ್ಟು ನಮ್ಮದೆನಿಸಿದ ಈ ಗಿಡದ ಜನ್ಮಭೂಮಿ ಯಾವುದೆಂಬ ವಿಷಯದಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಇಥಿಯೋಪಿಯದ ಸೀಮೆಯೆಂದು ಕೆಲವರು, ಭಾರತವೆಂದು ಕೆಲವರು. ಆಂದಲೂಸಿಯದ ಸಸ್ಯಜ್ಞ ಅಬುಲ್ ಅಬ್ಬಾಸ್ ಅನ್ನಬಾತಿ 1216ರಲ್ಲಿ ಈಜಿಪ್ಟಿಗೆ ಹೋದಾಗ ಅಲ್ಲಿನವರು ಇದನ್ನು ಬೆಳೆದು ಉಣ್ಣುವುದನ್ನು ಕಂಡು ವರ್ಣಿಸಿದನು. ಲಿನೇಯಸ್ 1753ರಲ್ಲಿ ಇದನ್ನು ದಾಸವಾಳದ ಕುಲಕ್ಕೆ ಸೇರಿಸಿದನು. ಆಫ್ರಿಕದ ಪಕ್ಷ ಪ್ರಬಲವಾಗಿದ್ದರೂ, ಉತ್ತರ ಪ್ರದೇಶದ ಕಡೆಯ ಕಾಡುಬೆಂಡೆಯೊಂದರಲ್ಲಿ 58 ವರ್ಣತಂತುಗಳೂ, ಅದರ ಬಂಧುವಾದ ಇನ್ನೊಂದರಲ್ಲಿ 72ರಷ್ಟೂ ಇದ್ದು, ಅವೆರಡೂ ಕೂಡಿದರೆ ಊರಬೆಂಡೆಯಲ್ಲಿ ಸಾಮಾನ್ಯವಾಗಿ ಕಾಣುವ 130 ಆಗುವುದೆಂಬ ಲೆಕ್ಕ ನನ್ನನ್ನು ಭಾರತದ ಪಕ್ಷಕ್ಕೆ ತುಸು ವಾಲಿಸುತ್ತದೆ.

ಬೀಜಪರಂಪರೆಗೆ ನಿಜವಾದ ಆಘಾತ ಬಂದುದು ರೋಗದಿಂದ. ಎಲೆಯ ನರಗಳೆಲ್ಲ ಹಳದಿಯ ಬಲೆಯಾಗಿ, ಕಾಯಿ ಬಿಳಿಚಿ ಸೊರಗುವ ಹಳದಿ ನಂಜುರೋಗವು ಮೊತ್ತಮೊದಲು ವರದಿಯಾದುದು 1924ರಲ್ಲಿ, ಧಾರವಾಡವೂ ಕಾರವಾರವೂ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಿಂದ. ಇದನ್ನು ಹರಡುವುದು ಬಿಳಿನೊಣ. ಬೀಜದ ಮೂಲಕ ಇಳಿದುಬರುವ ರೋಗವಲ್ಲವಾದುದರಿಂದ, ಎಷ್ಟು ಎಚ್ಚರದಿಂದ ಬೀಜ ಆರಿಸಿದರೂ ಹೊಲದ ಬೆಳೆಯನ್ನು ಕಾಯಲಾಗುತ್ತಿರಲಿಲ್ಲ. ಕರಾವಳಿಯ ಹಿತ್ತಲು ಮಾತ್ರ ಬಹುಪಾಲು ಪಾರಾಯಿತು. ಆಷಾಢದ ಜಡಿಮಳೆ ಬಿಳಿನೊಣಕ್ಕೆ ಹಿತವಲ್ಲ. ಹಾಲುಬೆಂಡೆ ಇಂದಿಗೂ ಉಳಿದಿರುವುದು ಜನರ ನಿಷ್ಠೆಯಿಂದ ಎಷ್ಟೋ ಈ ಮಳೆಯಿಂದಲೂ ಅಷ್ಟೇ ಎಂದು ನನಗೆ ತೋರುತ್ತದೆ.

ಬಯಲುಸೀಮೆಯ ರೈತನಿಗೆ ಆ ಆಶ್ರಯವಿರಲಿಲ್ಲವಾಗಿ ಆತನು ಬೀಜಕ್ಕೆ ಸಂಶೋಧನಾಲಯದ ಕಡೆ ನೋಡಬೇಕಾಯಿತು. ರೋಗಚಿಹ್ನೆ ತೋರದ ಬಂಗಾಳದ ಬೆಂಡೆಯೊಂದನ್ನು ಕೂಡಿಸಿ ದೆಹಲಿಯಲ್ಲಿ ಬೆಳೆಸಿದ ಪೂಸಾ ಸಾವನಿ 1960ರ ದಶಕದಲ್ಲಿ ದೇಶದಲ್ಲೆಲ್ಲ ಹಬ್ಬಿತು. ಕೆಲವೇ ವರ್ಷಗಳಲ್ಲಿ ಅದರ ತಾಳಿಕೆಯೂ ಕುಂದಿತು. ತರುವಾಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದೇ ಕುಲದ ಕಾಡುಜಾತಿಯೊಂದರ ಸತ್ತ್ವವನ್ನು ಊರಬೆಂಡೆಗೆ ತಂದು ಅರ್ಕಾ ಅನಾಮಿಕವನ್ನು ರೂಪಿಸಿದರು. ಇದು ಅಂಗಡಿಯ ಹೈಬ್ರಿಡ್ ಬೀಜದಂತಲ್ಲ. ನೂಲು ಕಟ್ಟಿ ಒಣಗಿಸಿಟ್ಟರೆ ಮರುವರ್ಷವೂ ಅದೇ ಗುಣದ ಗಿಡ ಬರುವುದು. ಆದರೆ ಜೇನು ದುಂಬಿಗಳು ಬೆರಕೆ ಮಾಡದೆ ಬಿಡವಾದುದರಿಂದ, ಹಾಲುಬೆಂಡೆಯೂ ಇರುವ ಹಿತ್ತಲಲ್ಲಿ ಇದನ್ನು ಬೀಜಕ್ಕೆ ಬಿಡುವವರು, ಹೂವು ಅರಳುವ ಹಿಂದಿನ ಸಂಜೆಯೇ ಮೊಗ್ಗಿನ ತುದಿಯನ್ನು ನೂಲಿನಿಂದ ಕಟ್ಟಿಬಿಡುವುದು ಲೇಸು.